ಹಳೆಯ ಕಾರು ಕುಕ್ಕುತ್ತದೆಯೇ, ದಾರಿ ಬಿಟ್ಟು ಅಲೆಯುತ್ತದೆಯೇ? ಚಾಸಿಯಲ್ಲಿ ದೋಷ ಹುಡುಕುವ ಬಗೆ

ನನ್ನ ಹಳೆಯ ಕಾರು ನೆಟ್ಟಗೆ ಹೋಗುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದ ಕೈಗಳಿಗೆ ಒಂದು ಗಳಿಗೆಯೂ ಬಿಡುವಿಲ್ಲ. ಒಮ್ಮೆ ಎಡಕ್ಕೆ ಹೊರಡುತ್ತಿತ್ತು, ಒಮ್ಮೆ ಬಲಕ್ಕೆ. ತಿರುವಿನಲ್ಲಿ ಹಿಂಭಾಗ ಹೊರಗೆ ಜಾರುತ್ತಿದೆ ಅನಿಸುತ್ತಿತ್ತು. ಸಣ್ಣ ಗುಂಡಿಗೂ ಸೀಟಿನಿಂದ ಎತ್ತಿ ಕುಕ್ಕುತ್ತಿತ್ತು. ನಾನು ಸ್ಟೇರಿಂಗ್ ಬಾಕ್ಸ್, ಅಂದರೆ ಸ್ಟೇರಿಂಗ್ ಕಂಬದ ಬುಡದ ಹಲ್ಲುಗಾಲಿ ಪೆಟ್ಟಿಗೆ, ಬಿಚ್ಚಿದೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯ ಕೀಲು (ಟೈ ರಾಡ್ ಎಂಡ್) ಬದಲಾಯಿಸಿದೆ. ಮುಂದಿನ ಚಕ್ರ ಎಡ ಬಲ ತಿರುಗುವ ಗೂಟ, ಕಿಂಗ್ ಪಿನ್, ಹೊಸದು ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಹಿಂದಿನ ಕಮಾನಿನಲ್ಲಿ. ಕಮಾನು ಅಂದರೆ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದ, ಬಾಗಿದ ಸ್ಪ್ರಿಂಗ್. ಕಾರು ನನ್ನ ಕೈಗೆ ಬರುವ ಮೊದಲು ಯಾರೋ, ಕಮಾನು ಕುಸಿದಿದೆ ಅಂತ, ಎರಡೂ ಕಡೆ ಎರಡೆರಡು ಪ್ಲೇಟು ಜಾಸ್ತಿ ಸೇರಿಸಿದ್ದರು. ಹಿಂದೆ ಸೇರಿಸಿದ ಪ್ಲೇಟು ಮುಂದಿನ ಚಕ್ರವನ್ನು ಹೇಗೆ ಕೆಡಿಸಿತು ಅನ್ನುವುದನ್ನು ಆ ಜಾಗ ಬಂದಾಗ ಹೇಳುತ್ತೇನೆ.

ಹಳೆಯ ಕಾರಿನಲ್ಲಿ ದೋಷ ಇರುವ ಜಾಗ ಒಂದು, ಅದು ಕೈಗೆ ತಿಳಿಯುವ ಜಾಗ ಇನ್ನೊಂದು. ತಿಳಿದ ಕಡೆ ಪಾನಾ ಹಾಕುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಚೆನ್ನಾಗಿದ್ದ ಭಾಗವೂ ಹಾಳಾಗುತ್ತದೆ. ಹಾಗಾಗಿ ಮೊದಲು ಅಳತೆ, ಆಮೇಲೆ ರಿಪೇರಿ. ಇನ್ನೊಂದು ಮಾತು. ಕಾರು ಸರಿಯಾಗಿ ಓಡುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಏನನ್ನಾದರೂ ಗಟ್ಟಿ ಮಾಡಲು ಹೊರಡುತ್ತಾರೆ. ನಾನು ನೋಡಿದ ಹೆಚ್ಚಿನ ಕಾರುಗಳಿಗೆ ಬೇಕಿದ್ದದ್ದು ಅದಲ್ಲ. ಹಿಡಿದುಕೊಂಡಿದ್ದನ್ನು ಬಿಡಿಸಬೇಕಿತ್ತು, ಸಡಿಲವಾಗಿದ್ದನ್ನು ಬಿಗಿ ಮಾಡಬೇಕಿತ್ತು, ಅಷ್ಟೇ.

ಇಲ್ಲಿ ಹೇಳುವುದು ಮುಖ್ಯವಾಗಿ ಏಣಿಯಂಥ ಚಾಸಿ (ಕಾರಿನ ಅಡಿಯ ಉಕ್ಕಿನ ಚೌಕಟ್ಟು), ಮುಂದೆ ಹಿಂದೆ ಕಮಾನು, ಮುಂದೆ ಒಂದೇ ತೊಲೆಯ ಆ್ಯಕ್ಸಲ್ ಇರುವ ಕಾರುಗಳಿಗೆ. ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡುವ ಆಮೇಲಿನ ಕಾರುಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಪಾನಾ ಹಿಡಿಯುವ ಮೊದಲು

ಒಂದು ಪುಸ್ತಕ, ಒಂದು ಪೆನ್ನು ತೆಗೆದುಕೊಳ್ಳಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರಸ್ತೆ ಆರಿಸಿ. ಅದರಲ್ಲಿ ಸ್ವಲ್ಪ ನೇರ ದಾರಿ, ಒಂದೆರಡು ತಿರುವು, ಸ್ವಲ್ಪ ಹಾಳಾದ ಜಾಗ ಇರಲಿ. ಪ್ರತಿ ಸಲ ಅದೇ ರಸ್ತೆ, ಅಷ್ಟೇ ಜನ, ಟೈರಿನಲ್ಲಿ ಅಷ್ಟೇ ಗಾಳಿ. ಯಾವ ವೇಗದಲ್ಲಿ ತೊಂದರೆ ಶುರುವಾಗುತ್ತದೆ? ನೇರ ಹೋಗುವಾಗಲೋ, ತಿರುವಿನಲ್ಲೋ, ಬ್ರೇಕ್ ಹಾಕಿದಾಗಲೋ? ಗುಂಡಿಗೆ ಬಿದ್ದ ಮೇಲೆ ಮಾತ್ರವೋ? ಹಿಂದಿನ ಸೀಟಿನಲ್ಲಿ ಜನ ಕೂತಾಗ ಕಡಿಮೆಯಾಗುತ್ತದೆಯೋ, ಜಾಸ್ತಿಯಾಗುತ್ತದೆಯೋ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಾನು ಮೊದಲೇ ಕೇಳಿಕೊಂಡಿದ್ದರೆ ಹೊಸ ಕಿಂಗ್ ಪಿನ್ ಖರ್ಚು ಉಳಿಯುತ್ತಿತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಎಂದಿಗೂ ತಿಳಿಯುವುದಿಲ್ಲ.

ಕಾರಿನ ಕೆಳಗೆ ಹೋಗುವಾಗ ಬರೀ ಜಾಕನ್ನು ನಂಬಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಟೈರು ಮತ್ತು ಚಕ್ರ

ಇಲ್ಲಿಂದಲೇ ಶುರು ಮಾಡಿ. ಚಾಸಿಯ ದೋಷ ಅಂದುಕೊಂಡಿದ್ದು ಎಷ್ಟೋ ಸಲ ಟೈರಿನದಾಗಿರುತ್ತದೆ.

ಹಳೆಯ ಕಾರು ಕಡಿಮೆ ಓಡುತ್ತದೆ. ಹಾಗಾಗಿ ಟೈರಿನ ಮೇಲಿನ ಹಲ್ಲುಗಳು ಸವೆಯುವ ಮೊದಲೇ ರಬ್ಬರು ಮುದಿಯಾಗಿರುತ್ತದೆ. 2000ನೇ ಇಸವಿಯಿಂದ ಈಚೆಗೆ ತಯಾರಾದ ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2316 ಅಂದರೆ 2016ರ 23ನೇ ವಾರ. ಹತ್ತು ವರ್ಷ ದಾಟಿದ ಟೈರು ನೋಡಲು ಎಷ್ಟೇ ಚೆನ್ನಾಗಿರಲಿ, ನಾನು ಇಟ್ಟುಕೊಳ್ಳುವುದಿಲ್ಲ. ಗಟ್ಟಿಯಾದ ರಬ್ಬರು ಕುಕ್ಕುತ್ತದೆ, ಮಳೆಯಲ್ಲಿ ಜಾರುತ್ತದೆ.

ತಿಂಗಳುಗಟ್ಟಲೆ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಮೊದಲ ಕೆಲವು ಕಿಲೋಮೀಟರ್ ದಡದಡ ಅಂದು, ಟೈರು ಬಿಸಿಯಾದ ಮೇಲೆ ಸದ್ದು ಕಡಿಮೆಯಾದರೆ ಅದೇ ಕಾರಣ. ಕಡಿಮೆಯಾಗದೇ ಇದ್ದರೆ ಚಕ್ರ ಎತ್ತಿ, ಪಕ್ಕದಲ್ಲಿ ಒಂದು ಕಡ್ಡಿ ನಿಲ್ಲಿಸಿ, ಚಕ್ರ ತಿರುಗಿಸಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು 2 ಮಿ.ಮೀ.ಗಿಂತ ಜಾಸ್ತಿ ಏರುಪೇರಾದರೆ ರಿಮ್ ಸೊಟ್ಟಗಾಗಿದೆ. ತಂತಿ ಕಡ್ಡಿಯ ಚಕ್ರವಾದರೆ ಪ್ರತಿ ಕಡ್ಡಿಯನ್ನೂ ಪಾನಾದಿಂದ ಮೆಲ್ಲಗೆ ತಟ್ಟಿ. ಬಿಗಿಯಾಗಿದ್ದದ್ದು ಟಿಣ್ ಅನ್ನುತ್ತದೆ, ಸಡಿಲವಾಗಿದ್ದದ್ದು ಟಪ್ ಅನ್ನುತ್ತದೆ.

ರೇಡಿಯಲ್ ಹಾಕಬೇಕೋ, ಹಳೆಯ ಕ್ರಾಸ್‌ಪ್ಲೈ ಇರಲೋ? ಟೈರಿನೊಳಗಿನ ನೂಲಿನ ಪದರಗಳು ಓರೆಯಾಗಿ ಒಂದಕ್ಕೊಂದು ಅಡ್ಡ ಹಾದಿದ್ದರೆ ಕ್ರಾಸ್‌ಪ್ಲೈ, ಅಂಚಿನಿಂದ ಅಂಚಿಗೆ ನೇರ ಹಾದಿದ್ದರೆ ರೇಡಿಯಲ್. ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಕೇಳಿದ್ದು 1946ರಲ್ಲಿ. ಅದಕ್ಕೂ ಹಿಂದಿನ ಕಾರುಗಳ ಕಮಾನು, ಸ್ಟೇರಿಂಗ್, ರಿಮ್ ಎಲ್ಲವೂ ಕ್ರಾಸ್‌ಪ್ಲೈ ಲೆಕ್ಕದಲ್ಲೇ ಆದದ್ದು. ಕ್ರಾಸ್‌ಪ್ಲೈ ರಸ್ತೆಯ ಗೀರು, ಅಂಚುಗಳನ್ನು ಹಿಂಬಾಲಿಸುತ್ತದೆ. ಆ ಅಲೆದಾಟ ಸ್ವಲ್ಪ ಮಟ್ಟಿಗೆ ಅದರ ಗುಣ, ಕಾರಿನ ದೋಷವಲ್ಲ. ರೇಡಿಯಲ್ ಹಾಕಿದರೆ ನೇರ ಓಟ ಸುಧಾರಿಸುತ್ತದೆ, ಆದರೆ ನಿಂತಲ್ಲಿ ಸ್ಟೇರಿಂಗ್ ಭಾರವಾಗುತ್ತದೆ. ತಿರುವಿನಲ್ಲಿ ಹಳೆಯ ರಿಮ್ಮಿನ ಮೇಲೆ ಒತ್ತಡವೂ ಜಾಸ್ತಿ. ಯಾವುದನ್ನೇ ಹಾಕಿ, ಬೆರೆಸಬೇಡಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಇದ್ದರೆ ತಿರುವಿನಲ್ಲಿ ಹಿಂಭಾಗ ಮೊದಲು ಕೈಬಿಡುತ್ತದೆ. ಇದು ನಿಜವಾಗಿಯೂ ಅಪಾಯ.

ಕುಕ್ಕುವ ಕಾರು

ಕಾರು ಕುಕ್ಕಿದರೆ ಕಮಾನು ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಗಟ್ಟಿಯಾಗಿರುವುದು ಬೇರೆ, ಹಿಡಿದುಕೊಂಡಿರುವುದು ಬೇರೆ. ಗಟ್ಟಿ ಕಮಾನು ಕಡಿಮೆ ಆಡುತ್ತದೆ, ಆದರೂ ಪ್ರತಿ ಸಣ್ಣ ಉಬ್ಬಿಗೂ ಆಡುತ್ತದೆ. ಹಿಡಿದುಕೊಂಡ ಕಮಾನು ಸಣ್ಣ ಉಬ್ಬಿಗೆ ಅಲುಗುವುದೇ ಇಲ್ಲ. ಪ್ಲೇಟುಗಳ ನಡುವೆ ತುಕ್ಕು ಹಿಡಿದು ಅವು ಒಂದೇ ದಿಮ್ಮಿಯಂತೆ ಆಗಿರುತ್ತವೆ. ಆಗ ಟೈರೊಂದೇ ಸ್ಪ್ರಿಂಗಿನ ಕೆಲಸ ಮಾಡಬೇಕು. ದೊಡ್ಡ ಗುಂಡಿ ಬಂದಾಗ ಮಾತ್ರ ಪ್ಲೇಟುಗಳು ತಟ್ಟನೆ ಬಿಟ್ಟುಕೊಂಡು ಜಾರುತ್ತವೆ.

ಇದನ್ನು ಕಂಡುಹಿಡಿಯಲು ಒಂದು ಅಳತೆ ಪಟ್ಟಿ ಸಾಕು. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ. ಚಕ್ರದ ನಡುಭಾಗದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಒಂದು ಗುರುತು ಹಾಕಿ. ಈಗ ಇಬ್ಬರು ಸೇರಿ ಆ ಮೂಲೆಯನ್ನು ಕೆಳಗೆ ಒತ್ತಿ, ನಿಧಾನವಾಗಿ ಕೈ ಬಿಡಿ. ಎತ್ತರ ಅಳೆಯಿರಿ. ಆಮೇಲೆ ಅದೇ ಮೂಲೆಯನ್ನು ಮೇಲಕ್ಕೆ ಎತ್ತಿ, ನಿಧಾನವಾಗಿ ಬಿಟ್ಟು, ಮತ್ತೆ ಅಳೆಯಿರಿ. ಕಮಾನು ಆರಾಮವಾಗಿ ಆಡುತ್ತಿದ್ದರೆ ಎರಡೂ ಅಳತೆ ಹತ್ತಿರ ಹತ್ತಿರ ಇರುತ್ತವೆ. ವ್ಯತ್ಯಾಸ 10 ಮಿ.ಮೀ. ಒಳಗೆ ಇದ್ದರೆ ನಾನು ಕಮಾನು ಮುಟ್ಟುವುದಿಲ್ಲ. 25 ಮಿ.ಮೀ. ದಾಟಿದರೆ ಬಿಚ್ಚುತ್ತೇನೆ. ಒತ್ತಿದರೆ ಅಲುಗುವುದೇ ಇಲ್ಲ ಅಂದರೆ ಅಳತೆಯೇ ಬೇಡ, ಉತ್ತರ ಸಿಕ್ಕಿತು ಅಲ್ವಾ?

ಬಿಚ್ಚುವ ಮೊದಲು ಇನ್ನೊಂದು ಹೆಜ್ಜೆ. ಕಮಾನಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರಿನ ಕೊಂಡಿ ಕಳಚಿ ಅದೇ ಪರೀಕ್ಷೆ ಮತ್ತೆ ಮಾಡಿ. ಈಗ ವ್ಯತ್ಯಾಸ ತುಂಬಾ ಕಡಿಮೆಯಾದರೆ ಹಿಡಿದುಕೊಂಡಿದ್ದು ಅಬ್ಸಾರ್ಬರ್. ಹಾಗೇ ಉಳಿದರೆ ಕಮಾನು, ಇಲ್ಲವೇ ಅದರ ತುದಿಯನ್ನು ಚಾಸಿಗೆ ಸೇರಿಸುವ, ತೂಗುವ ಕೊಂಡಿ, ಶ್ಯಾಕಲ್.

ಶ್ಯಾಕಲ್ ಮೊದಲು ನೋಡಿ, ಅದು ಸುಲಭ. ಕಮಾನು ಚಪ್ಪಟೆಯಾದಾಗ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್ ಕೆಲಸ. ಅದರ ಪಿನ್ನು ತುಕ್ಕು ಹಿಡಿದರೆ ಕಮಾನು ಎರಡೂ ತುದಿ ಕಟ್ಟಿ ಹಾಕಿದಂತೆ ಆಗುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಕಾರಿನ ಭಾರವನ್ನು ಎತ್ತಿ ಹಿಡಿದು ಗ್ರೀಸ್ ಹೊಡೆಯಿರಿ. ಭಾರ ಇರುವಾಗ ಹೊಡೆದರೆ ಒತ್ತಿಕೊಂಡ ಕಡೆಗೆ ಗ್ರೀಸ್ ಹೋಗುವುದಿಲ್ಲ. ರಬ್ಬರ್ ಬುಷ್ (ಪಿನ್ನಿನ ಸುತ್ತ ಕೂರುವ ರಬ್ಬರ್ ಬಳೆ) ಇರುವ ಕಾರಿನಲ್ಲಿ ಗ್ರೀಸ್ ಬೇಡ, ರಬ್ಬರು ಊದಿಕೊಂಡು ಹಾಳಾಗುತ್ತದೆ. ರಬ್ಬರ್ ಬುಷ್ ಹೊಸದು ಹಾಕಿದಾಗ ನಟ್ಟನ್ನು ಕೊನೆಯ ಸಲ ಬಿಗಿ ಮಾಡುವುದು ಕಾರು ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆ. ಜಾಕ್ ಮೇಲೆ ಇರುವಾಗಲೇ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇದ್ದು, ಕಾರನ್ನು ಮೇಲೆತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ.

ಇನ್ನು ಕಮಾನು. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆ್ಯಕ್ಸಲಿಗೆ ಬೇರೆ ಆಸರೆ ಕೊಟ್ಟು, ಕಮಾನಿನ ಮೇಲಿನ ಭಾರ ಪೂರ್ತಿ ಇಳಿಸಿ. ಇಳಿಸಿಕೊಂಡ ಕಮಾನಿನ ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿದ ಸೆಂಟರ್ ಬೋಲ್ಟಿನ ಎರಡೂ ಪಕ್ಕ ಜಿ ಕ್ಲ್ಯಾಂಪ್ ಹಾಕಿ, ಆಮೇಲೆ ಬೋಲ್ಟ್ ಬಿಚ್ಚಿ, ಕ್ಲ್ಯಾಂಪನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಪ್ಲೇಟುಗಳು ಒಳಗೆ ಬಲ ಹಿಡಿದುಕೊಂಡಿರುತ್ತವೆ, ತಟ್ಟನೆ ಬಿಟ್ಟರೆ ಕೈಗೆ ಪೆಟ್ಟು.

ಬಿಚ್ಚಿದ ಮೇಲೆ ಪ್ರತಿ ಪ್ಲೇಟಿನ ಕೆಳಮುಖ ನೋಡಿ. ಕೆಳಗಿನ ಗಿಡ್ಡ ಪ್ಲೇಟಿನ ತುದಿ ಮೇಲಿನದರಲ್ಲಿ ಒಂದು ಗುಂಡಿ ಕೊರೆದಿರುತ್ತದೆ. ಆ ತುದಿ ಆ ಗುಂಡಿಯಲ್ಲಿ ಸಿಕ್ಕಿಕೊಂಡರೆ ಕಮಾನು ಜಾರುವುದು ಹೇಗೆ? ಗುಂಡಿಯ ಅಂಚನ್ನು ನಯ ಮಾಡಿ, ಗಿಡ್ಡ ಪ್ಲೇಟಿನ ತುದಿಯ ಮೇಲಿನ ಚೂಪನ್ನೂ ಮೂಲೆಗಳನ್ನೂ ಉಜ್ಜಿ ಗುಂಡಗೆ ಮಾಡಿ. ಗುಂಡಿ ಆಳವಾಗಿದ್ದರೆ ಆ ಪ್ಲೇಟು ಅಲ್ಲೇ ಮುರಿಯುತ್ತದೆ, ಬದಲಾಯಿಸಿ. ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆದು ಗ್ರಾಫೈಟ್ ಗ್ರೀಸ್ ತೆಳ್ಳಗೆ ಹಚ್ಚಿ. ಬೆಂಕಿ, ವೆಲ್ಡಿಂಗ್ ಎರಡೂ ಕಮಾನಿನ ಹತ್ತಿರ ಸುಳಿಯಬಾರದು, ಉಕ್ಕಿನ ಹದ ಹೋಗುತ್ತದೆ. ಜೋಡಿಸುವಾಗ ಸೆಂಟರ್ ಬೋಲ್ಟ್ ಹೊಸದೇ ಇರಲಿ. ಪ್ಲೇಟುಗಳನ್ನು ಹಿಡಿದಿಡುವ ಪಕ್ಕದ ಕ್ಲಿಪ್ಪುಗಳನ್ನು ಬಡಿದು ಬಿಗಿ ಮಾಡಬೇಡಿ. ಪ್ಲೇಟು ಜಾರುವಷ್ಟು ಸಂದು ಬೇಕೇ ಬೇಕು.

ಇಷ್ಟು ಮಾಡಿದ ಮೇಲೆ ಮೊದಲ ಓಟದಲ್ಲಿ ನಿಮಗೆ ಗಾಬರಿ ಆಗಬಹುದು. ಕುಕ್ಕು ಹೋಗಿರುತ್ತದೆ, ಆದರೆ ಕಾರು ದೋಣಿಯಂತೆ ತೇಲುತ್ತದೆ. ಕಮಾನು ಕೆಟ್ಟಿತು ಅಂದುಕೊಳ್ಳಬೇಡಿ. ಇಷ್ಟು ದಿನ ಪ್ಲೇಟುಗಳ ನಡುವಿನ ತಿಕ್ಕಾಟವೇ ಅಬ್ಸಾರ್ಬರ್ ಕೆಲಸ ಮಾಡುತ್ತಿತ್ತು. ಅಬ್ಸಾರ್ಬರ್ ಯಾವತ್ತೋ ಸತ್ತಿತ್ತು, ಅದು ಈಗ ತಿಳಿಯಿತು, ಅಷ್ಟೇ.

ತೇಲುವ ಕಾರು

ಹಳೆಯ ಕಾರುಗಳಲ್ಲಿ ಎರಡು ಬಗೆಯ ಅಬ್ಸಾರ್ಬರ್ ಜಾಸ್ತಿ. ಒಂದು, ತಟ್ಟೆಗಳು ಒಂದಕ್ಕೊಂದು ಉಜ್ಜುವ ಹಾರ್ಟ್‌ಫೋರ್ಡ್ ಬಗೆಯದು. ಇನ್ನೊಂದು, ಒಳಗೆ ಎಣ್ಣೆ ಇದ್ದು ಹೊರಗೆ ತೋಳು ಆಡುವ ಬಗೆಯದು.

ಎಣ್ಣೆಯ ಅಬ್ಸಾರ್ಬರ್ ಪರೀಕ್ಷೆಗೆ ಅದರ ಕೊಂಡಿ ಕಳಚಿ, ತೋಳನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಪೂರ್ತಿ ಆಡಿಸಿ. ಪಾಯಸದಲ್ಲಿ ಸೌಟು ತಿರುಗಿಸಿದಂತೆ ಒಂದೇ ಸಮನೆ ತಡೆ ಇರಬೇಕು. ನಡುವೆ ಎಲ್ಲಾದರೂ ಸುಮ್ನೆ ಜಾರಿದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಎಣ್ಣೆ ಕಡಿಮೆಯಾಗಿದೆ. ಎಣ್ಣೆ ತುಂಬಿ, ತೋಳನ್ನು ಹತ್ತಿಪ್ಪತ್ತು ಸಲ ಆಡಿಸಿ, ಮತ್ತೆ ತುಂಬಿ. ಆಮೇಲೂ ಜಾರಿದರೆ ವಾಲ್ವ್ ಅಥವಾ ಪಿಸ್ಟನ್ ಸವೆದಿದೆ. ತೋಳಿನ ಬುಡ ಒದ್ದೆಯಾಗಿದ್ದರೆ ಸೀಲು ಹೋಗಿದೆ, ತುಂಬಿದ ಎಣ್ಣೆ ನಿಲ್ಲುವುದಿಲ್ಲ. ಇದಕ್ಕೆಂದೇ ಬರುವ ಅಬ್ಸಾರ್ಬರ್ ಎಣ್ಣೆ ಬಿಟ್ಟು ಬೇರೆ ಹಾಕಬೇಡಿ. ಬ್ರೇಕ್ ಎಣ್ಣೆಯಂತೂ ಬೇಡವೇ ಬೇಡ. ಗಡಸು ಬರಲಿ ಅಂತ ಮಂದದ ಎಣ್ಣೆ ಹಾಕುವವರಿದ್ದಾರೆ. ತಣ್ಣಗಿರುವಾಗ ಕಾರು ಕುಕ್ಕುತ್ತದೆ, ಬಿಸಿಯಾದ ಮೇಲೆ ತೇಲುತ್ತದೆ.

ಉಜ್ಜುವ ಬಗೆಯದರಲ್ಲಿ ಮುಖದ ಮೇಲಿನ ಮುಳ್ಳನ್ನು ನಂಬಬೇಡಿ. ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಎಷ್ಟಕ್ಕೆ ಅಲುಗುತ್ತದೆ ಅಂತ ಬರೆದುಕೊಳ್ಳಿ. ಎಡ ಬಲ ಒಂದೇ ಬರುವವರೆಗೆ ನಟ್ ಹೊಂದಿಸಿ. ಎರಡೂ ಸಮವಾದ ಮೇಲೆ ರಸ್ತೆಯಲ್ಲಿ ಓಡಿಸಿ, ಸಡಿಲದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ತೇಲುವುದು ನಿಂತ ಕೂಡಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಬಿಗಿ ಮಾಡಿದ್ದೆಲ್ಲ ಕುಕ್ಕಾಗಿಯೇ ವಾಪಸ್ ಬರುತ್ತದೆ.

ಹೊಸ ಕೊಳವೆ ಬಗೆಯ ಅಬ್ಸಾರ್ಬರ್ ಹಾಕಿಸಿದ ಕಾರಾದರೆ ಒಂದು ವಿಷಯ ನೋಡಿ. ಕಾರು ಪೂರ್ತಿ ಕೆಳಗೆ ಒತ್ತಿದಾಗ ಅದಕ್ಕೆ ಇನ್ನೂ ಓಟ ಉಳಿದಿದೆಯಾ? ಉಳಿಯದಿದ್ದರೆ ಆ್ಯಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪ್ ತಿನ್ನಬೇಕಾದ ಪೆಟ್ಟನ್ನು ಅದು ತಿನ್ನುತ್ತದೆ, ಚಾಸಿಗೆ ಬೆಸೆದ ಅದರ ಹಿಡಿ ಬಿರುಕು ಬಿಡುತ್ತದೆ. ಹಳೆಯ ಬಂಪ್ ಸ್ಟಾಪ್ ಇದೆಯೋ, ಪುಡಿಯಾಗಿ ಬಿದ್ದುಹೋಗಿದೆಯೋ ಅದನ್ನೂ ನೋಡಿ.

ಅಲೆದಾಡುವುದು, ಎಳೆಯುವುದು

ಚಕ್ರಗಳು ನೆಲದ ಮೇಲೆ ಇರಲಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಪ್ರತಿ ಕೀಲಿನ ಮೇಲೆ ಬೆರಳಿಡುತ್ತಾ ಹೋಗಲಿ. ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಜಾಗವನ್ನೂ ಮುಟ್ಟಿ ನೋಡಿ. ಬಾಕ್ಸ್ ಒಳಗೆ ಆಟ ಇದೆ ಅಂದುಕೊಂಡರೆ, ಎಷ್ಟೋ ಸಲ ಬಾಕ್ಸೇ ಅಲುಗುತ್ತಿರುತ್ತದೆ.

ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಹೋದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್.

ಸ್ಟೇರಿಂಗ್ ಬಾಕ್ಸನ್ನು ಕೊನೆಗೆ ಮುಟ್ಟಿ. ಅದರ ಒಳಗಿನ ವರ್ಮ್ (ಸುರುಳಿ ಹಲ್ಲಿನ ದಂಡ) ಜಾಸ್ತಿ ಸವೆಯುವುದು ನೇರ ಓಡುವ ನಡುಭಾಗದಲ್ಲಿ. ಅಲ್ಲಿ ಆಟ ಪೂರ್ತಿ ಹೋಗುವಂತೆ ಸ್ಕ್ರೂ ಬಿಗಿ ಮಾಡಿದರೆ, ಸವೆಯದ ಕೊನೆಗಳಲ್ಲಿ ಹಿಡಿದುಕೊಳ್ಳುತ್ತದೆ. ಚಕ್ರ ಎತ್ತಿ ಈ ಕೊನೆಯಿಂದ ಆ ಕೊನೆವರೆಗೆ ತಿರುಗಿಸಿ, ಎಲ್ಲೂ ಬಿಗಿಯಾಗಬಾರದು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರದೇ ಇದ್ದರೆ ಈ ಬಿಗಿಯೇ ಕಾರಣ ಇರಬಹುದು.

ಇನ್ನು ಟೋ ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮುಂಭಾಗ ಸ್ವಲ್ಪ ಒಳಕ್ಕೆ ತಿರುಗಿರುವುದು. ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಬಳಿದು, ಅಲುಗದಂತೆ ಹಿಡಿದ ಮೊಳೆಯಿಂದ ಒಂದು ಗೆರೆ ಎಳೆಯಿರಿ. ಕಾರು ಇಳಿಸಿ, ಸ್ವಲ್ಪ ಮುಂದೆ ತಳ್ಳಿ, ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಮುಂದಿನ ಅಳತೆ ಒಂದೂವರೆಯಿಂದ 3 ಮಿ.ಮೀ. ಕಡಿಮೆ ಇರುವುದು ಕ್ರಾಸ್‌ಪ್ಲೈ ಕಾರುಗಳಲ್ಲಿ ಸಾಮಾನ್ಯ. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಇಷ್ಟೆಲ್ಲ ಸರಿ ಇದ್ದೂ ಕಾರು ಅಲೆದರೆ? ನನ್ನ ಕಾರಿನ ಕಥೆ ಇಲ್ಲಿಗೆ ಬರುತ್ತದೆ.

ಕಿಂಗ್ ಪಿನ್ನು ಪಕ್ಕದಿಂದ ನೋಡಿದರೆ ನೆಟ್ಟಗೆ ಇರುವುದಿಲ್ಲ. ಅದರ ತಲೆ ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಈ ಬಾಗನ್ನೇ ಕ್ಯಾಸ್ಟರ್ ಅನ್ನುತ್ತಾರೆ. ಚಕ್ರವನ್ನು ನೇರಕ್ಕೆ ಎಳೆದು ತರುವುದು ಇದೇ. ಸೈಕಲ್ಲಿನ ಮುಂದಿನ ಕವಲು ಓರೆಯಾಗಿ ಇರುವುದಕ್ಕೂ ಇದೇ ಕಾರಣ. ನನ್ನ ಕಾರಿಗೆ ನಾಲ್ಕು ಡಿಗ್ರಿ ಬಾಗು ಬೇಕಿತ್ತು. ಹಿಂದೆ ಪ್ಲೇಟು ಸೇರಿಸಿದ್ದರಿಂದ ಹಿಂಭಾಗ ಸುಮಾರು 85 ಮಿ.ಮೀ. ಎದ್ದಿತ್ತು. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2500 ಮಿ.ಮೀ. ಈ ಅಳತೆಯಲ್ಲಿ ಹಿಂಭಾಗ 44 ಮಿ.ಮೀ. ಎದ್ದರೆ ಇಡೀ ಚಾಸಿ ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ. 85ಕ್ಕೆ ಸುಮಾರು ಎರಡು ಡಿಗ್ರಿ. ಚಾಸಿಯ ಜೊತೆ ಮುಂದಿನ ಆ್ಯಕ್ಸಲೂ ಬಾಗಿತು. ನಾಲ್ಕಿದ್ದ ಕ್ಯಾಸ್ಟರ್ ಎರಡಕ್ಕೆ ಇಳಿಯಿತು. ಚಕ್ರಕ್ಕೆ ನೇರಕ್ಕೆ ಬರುವ ಆಸೆಯೇ ಅರ್ಧ ಹೋಯಿತು.

ತಿರುವಿನಲ್ಲಿ ಹಿಂಭಾಗ ಜಾರುವಂತೆ ಅನಿಸಿದ್ದೂ ಅದರಿಂದಲೇ. ಹಿಂದಿನ ಕಮಾನಿನ ಮುಂದಿನ ಕಣ್ಣು, ಅಂದರೆ ತುದಿಯ ಬಳೆ, ಚಾಸಿಗೆ ಕಟ್ಟಿರುತ್ತದೆ. ಕಮಾನು ಜಾಸ್ತಿ ಬಾಗಿದಾಗ ಆ್ಯಕ್ಸಲ್ ಆ ಕಣ್ಣಿಗಿಂತ ಕೆಳಗೆ ಹೋಯಿತು. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ಮೇಲೇಳುತ್ತಾ ಹಿಂದಕ್ಕೆ ಸರಿಯುತ್ತದೆ, ಒಳಗಿನದು ಇಳಿಯುತ್ತಾ ಮುಂದಕ್ಕೆ ಬರುತ್ತದೆ. ಅಂದರೆ ಇಡೀ ಹಿಂದಿನ ಆ್ಯಕ್ಸಲ್ ತಿರುವಿನ ಹೊರಗೆ ಮುಖ ಮಾಡುತ್ತದೆ. ಕಾರು ಹಿಂದಿನಿಂದಲೂ ಸ್ಟೇರಿಂಗ್ ಹಿಡಿದಂತಾಯಿತು. ಹಿಂದೆ ಮೂವರು ಕೂತಾಗ ಕಾರು ಚೆನ್ನಾಗಿ ಓಡುತ್ತಿತ್ತು. ಆ ಸುಳಿವನ್ನು ನಾನು ಗಮನಿಸಲಿಲ್ಲ. ಕೊನೆಗೆ ಚಾಸಿಯ ಉದ್ದಕ್ಕೆ ಸ್ಪಿರಿಟ್ ಲೆವೆಲ್ ಇಟ್ಟಾಗ ಗುಳ್ಳೆ ಹಿಂದಕ್ಕೆ ಓಡಿತು. ಎಲ್ಲ ಅರ್ಥವಾಗಲು ಅಷ್ಟೇ ಸಾಕಾಯಿತು.

ಹಾಗಾಗಿ ನೀವೂ ಲೆವೆಲ್ ಇಟ್ಟು ನೋಡಿ. ಚಾಸಿ ಮಟ್ಟವಾಗಿದ್ದೂ ಕ್ಯಾಸ್ಟರ್ ಕಡಿಮೆ ಇದ್ದರೆ ಮುಂದಿನ ಆ್ಯಕ್ಸಲಿಗೂ ಕಮಾನಿಗೂ ನಡುವಿನ ಬೆಣೆ ನೋಡಿ. ಆ್ಯಕ್ಸಲ್ ಕಮಾನಿನ ಕೆಳಗಿದ್ದರೆ ಬೆಣೆಯ ದಪ್ಪ ತುದಿ ಹಿಂದಕ್ಕಿದ್ದಷ್ಟು ಕ್ಯಾಸ್ಟರ್ ಜಾಸ್ತಿ. ಯಾರೋ ತಿರುಗುಮುರುಗಾಗಿ ಹಾಕಿದ್ದನ್ನು ನಾನು ಬೇರೆ ಕಾರುಗಳಲ್ಲಿ ಕಂಡಿದ್ದೇನೆ.

ಒಂದೇ ಕಡೆ ಎಳೆಯುವ ಕಾರಿಗೆ ದಾರದ ಪರೀಕ್ಷೆ ಮಾಡಿ. ಎಡಗಡೆ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ದಾರ ಹಿಡಿದು ದೂರ ಅಳೆಯಿರಿ, ಬಲಗಡೆಯೂ ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ದಾಟಿದರೆ ಯಾವುದೋ ಸೆಂಟರ್ ಬೋಲ್ಟ್ ತುಂಡಾಗಿ ಆ್ಯಕ್ಸಲ್ ಜಾರಿದೆಯೇ ನೋಡಿ. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಮೊದಲು ಬ್ರೇಕನ್ನೇ ನೋಡಿ, ಆಮೇಲೆ ಕಮಾನನ್ನು ಆ್ಯಕ್ಸಲಿಗೆ ಬಿಗಿದ ಯು ಬೋಲ್ಟ್. ಅದು ಸಡಿಲವಾಗಿದ್ದರೆ ಬ್ರೇಕಿನ ಬಲಕ್ಕೆ ಮುಂದಿನ ಆ್ಯಕ್ಸಲ್ ಮುಂದಕ್ಕೆ ತಿರುಚಿಕೊಂಡು ಕ್ಯಾಸ್ಟರ್ ಆ ಕ್ಷಣಕ್ಕೆ ಇಲ್ಲವಾಗುತ್ತದೆ.

ಗುಂಡಿ ಉಬ್ಬುಗಳಲ್ಲಿ ಮಾತ್ರ ಕಾರು ಪಕ್ಕಕ್ಕೆ ಹಾರಿದರೆ, ನಿಂತ ಕಾರಿನ ಮುಂಭಾಗವನ್ನು ಜೋರಾಗಿ ಒತ್ತಿ ಒತ್ತಿ ಬಿಡಿ, ಸ್ಟೇರಿಂಗ್ ಚಕ್ರವನ್ನು ಗಮನಿಸಿ. ಅದು ತಾನಾಗಿಯೇ ಆಚೀಚೆ ತಿರುಗಿದರೆ ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳು (ಡ್ರ್ಯಾಗ್ ಲಿಂಕ್) ಮತ್ತು ಕಮಾನು ಒಂದೇ ದಾರಿಯಲ್ಲಿ ಆಡುತ್ತಿಲ್ಲ. ಮುಂದಿನ ಕಮಾನಿನ ಎತ್ತರ ಮೊದಲಿನಂತೆ ಇಲ್ಲ ಅಂತ ಅರ್ಥ.

ಮುಂದಿನ ಚಕ್ರಗಳ ನಡುಕ

ಒಂದು ವೇಗದಲ್ಲಿ ಸಣ್ಣ ಉಬ್ಬು ತಾಗುತ್ತದೆ, ಮುಂದಿನ ಎರಡೂ ಚಕ್ರ ಹುಚ್ಚು ಹಿಡಿದಂತೆ ಎಡ ಬಲ ಬಡಿಯುತ್ತವೆ. ಕಾರು ಪೂರ್ತಿ ನಿಧಾನ ಮಾಡುವವರೆಗೆ ನಿಲ್ಲುವುದಿಲ್ಲ. ಅನುಭವಿಸಿದವರಿಗೆ ಇದು ಮರೆಯುವುದಿಲ್ಲ. ಒಂದೇ ತೊಲೆಯ ಆ್ಯಕ್ಸಲಿನಲ್ಲಿ ಒಂದು ಚಕ್ರ ಎದ್ದರೆ ಎರಡೂ ವಾಲುತ್ತವೆ. ತಿರುಗುತ್ತಿರುವ ಚಕ್ರವನ್ನು ವಾಲಿಸಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ, ಬುಗುರಿಯಂತೆ. ಪಕ್ಕಕ್ಕೆ ತಿರುಗಿದರೆ ಮತ್ತೆ ವಾಲುತ್ತದೆ. ಒಂದು ಇನ್ನೊಂದನ್ನು ಸಾಕುತ್ತದೆ. 1930ರ ದಶಕದಲ್ಲಿ ಕಾರು ಕಂಪನಿಗಳು ಮುಂದಿನ ಚಕ್ರಗಳನ್ನು ಬೇರೆ ಬೇರೆ ಮಾಡಿದ್ದಕ್ಕೆ ಈ ನಡುಕವೂ ಒಂದು ಕಾರಣ.

ಹುಡುಕುವ ಕ್ರಮ ಹೀಗಿರಲಿ: ಟೈರಿನ ಗಾಳಿ, ಚಕ್ರದ ಬ್ಯಾಲೆನ್ಸ್, ಬೇರಿಂಗ್, ಕಿಂಗ್ ಪಿನ್, ಟೈ ರಾಡ್, ಮುಂದಿನ ಕಮಾನಿನ ಶ್ಯಾಕಲ್ ಬುಷ್, ಅಬ್ಸಾರ್ಬರ್. ಕ್ಯಾಸ್ಟರ್ ವಿಪರೀತ ಜಾಸ್ತಿ ಇದ್ದರೂ ನಡುಕ ಬರುತ್ತದೆ, ಹಾಗಾಗಿ ಅಲೆದಾಟಕ್ಕೆ ಔಷಧಿ ಅಂತ ಬೆಣೆ ಮೇಲೆ ಬೆಣೆ ಹಾಕಬೇಡಿ. ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿಗೆ ಕಟ್ಟುವ ಅಬ್ಸಾರ್ಬರ್) ಹಾಕಿ ನಡುಕ ಮುಚ್ಚಬಹುದು. ದಯವಿಟ್ಟು ಮುಚ್ಚಬೇಡಿ. ಸವೆದ ಕೀಲು ಒಳಗೆ ಸವೆಯುತ್ತಲೇ ಇರುತ್ತದೆ.

ಚಾಸಿ

ಸಮ ನೆಲದಲ್ಲಿ ಚಾಸಿಯ ನಾಲ್ಕು ಗಟ್ಟಿ ಜಾಗಗಳಿಂದ, ಕಮಾನಿನ ಕಣ್ಣುಗಳು ಒಳ್ಳೆಯದು, ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ. ನೆಲದ ಮೇಲೆ ಗುರುತು ಹಾಕಿ, ಕಾರು ತೆಗೆದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬರಬೇಕು. ದೊಡ್ಡ ವ್ಯತ್ಯಾಸ ಬಂದರೆ ಕಾರು ಯಾವಾಗಲೋ ಪೆಟ್ಟು ತಿಂದಿದೆ.

ರಿವೆಟ್ಟುಗಳನ್ನು ಒಂದೊಂದಾಗಿ ನೋಡಿ. ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಬೆರಳಿಗೆ ಅಲುಗಿದರೆ ಸಡಿಲ. ಸುತ್ತ ಕೆಂಪು ತುಕ್ಕಿನ ಪುಡಿ ಉದುರಿದ ಗುರುತಿದ್ದರೂ ಸಡಿಲವೇ. ಬಿರುಕು ಜಾಸ್ತಿ ಬರುವುದು ಕಮಾನಿನ ತುದಿ ಹಿಡಿಯುವ ಹ್ಯಾಂಗರ್, ಸ್ಟೇರಿಂಗ್ ಬಾಕ್ಸಿನ ಸುತ್ತ, ಮತ್ತೆ ಅಡ್ಡಪಟ್ಟಿ ಉದ್ದಪಟ್ಟಿಗೆ ಸೇರುವ ಮೂಲೆಗಳಲ್ಲಿ.

ಸಡಿಲ ರಿವೆಟ್ ಇದ್ದರೆ ತೆಗೆದು ಹೊಸ ರಿವೆಟ್ ಹೊಡೆಸಿ, ಇಲ್ಲವೇ ತೂತನ್ನು ರೀಮರಿನಿಂದ ಸರಿಮಾಡಿ ಬಿಗಿಯಾಗಿ ಕೂರುವ ಬೋಲ್ಟ್ ಹಾಕಿ. ಇಡೀ ಮೂಲೆಯನ್ನು ವೆಲ್ಡ್ ಮಾಡಿಸಲು ನಾನು ಒಪ್ಪುವುದಿಲ್ಲ. ಆ ಕಾಲದ ಚಾಸಿ ಸ್ವಲ್ಪ ಬಳುಕಲೆಂದೇ ಇತ್ತು. ಒಂದು ಮೂಲೆ ಕಲ್ಲಿನಂತಾದರೆ ಬಳುಕು ಪಕ್ಕದ ತಗಡಿಗೆ ಹೋಗಿ ಅಲ್ಲಿ ಬಿರುಕು ಬಿಡುತ್ತದೆ. ಬಳುಕುವ ಚಾಸಿಗೆ ಗಟ್ಟಿ ಕಮಾನು ಕಟ್ಟುವುದೂ ತಪ್ಪು. ಆಗ ಚಾಸಿಯೇ ಸ್ಪ್ರಿಂಗ್ ಆಗುತ್ತದೆ, ಅದಕ್ಕೆ ಅಬ್ಸಾರ್ಬರ್ ಇಲ್ಲ.

ಎಲ್ಲ ಸರಿಯಾದ ಮೇಲೂ ಮುಂದೆ ಹಿಂದೆ ತೂಗಿದರೆ

ಕೆಲವು ಕಾರುಗಳು ಉಬ್ಬು ದಾಟಿದ ಮೇಲೆ ತೊಟ್ಟಿಲಿನಂತೆ ಮುಂದೆ ಹಿಂದೆ ತೂಗುತ್ತವೆ. ಇದು ರಿಪೇರಿಯ ದೋಷವಲ್ಲ. ಆಗಿನ ಕಾರುಗಳ ಮುಂದಿನ ಕಮಾನು ಗಿಡ್ಡ, ಗಟ್ಟಿ. ಹಿಂದಿನದು ಉದ್ದ, ಮೆತ್ತಗೆ. ಮುಂದಿನ ಚಕ್ರ ಉಬ್ಬಿಗೆ ಮೊದಲು ತಾಗುತ್ತದೆ, ಹಿಂದಿನದು ಆಮೇಲೆ. ಹಿಂಭಾಗ ನಿಧಾನವಾಗಿ ತೂಗಿದರೆ ಎರಡೂ ಎಂದೂ ಜೊತೆಯಾಗುವುದಿಲ್ಲ. 1930ರ ದಶಕದ ಆರಂಭದಲ್ಲಿ, ರೋಲ್ಸ್ ರಾಯ್ಸ್‌ನಿಂದ ಕ್ಯಾಡಿಲಾಕ್‌ಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರ್, ತೂಕ ಹಿಂದೆ ಮುಂದೆ ಸರಿಸಬಹುದಾದ ಒಂದು ಕಾರು ಕಟ್ಟಿ ಇದನ್ನು ಪರೀಕ್ಷಿಸಿದರು. ಮುಂಭಾಗ ಹಿಂಭಾಗಕ್ಕಿಂತ ಮೆತ್ತಗಿರಬೇಕು, ಆಗ ಹಿಂಭಾಗ ಬೇಗ ಬೇಗ ತೂಗಿ ಮುಂಭಾಗವನ್ನು ಹಿಡಿಯುತ್ತದೆ ಅಂತ ಅವರು ಕಂಡುಕೊಂಡರು.

ನಿಮ್ಮ ಕಾರಿನ ಲೆಕ್ಕ ಹಾಕುವುದು ಸುಲಭ. ಕಾರಿನ ಭಾರಕ್ಕೆ ಕಮಾನು ಎಷ್ಟು ಸೆಂಟಿಮೀಟರ್ ಕುಸಿಯುತ್ತದೆ ಅಂತ ಅಳೆಯಿರಿ. ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದು ಸಿಗುತ್ತದೆ. 6 ಸೆಂ.ಮೀ. ಕುಸಿದರೆ ಸೆಕೆಂಡಿಗೆ ಎರಡು ಸಲ, ಇದು ಕುಕ್ಕುವ ಕಾರು. 16 ಸೆಂ.ಮೀ. ಕುಸಿದರೆ ಒಂದೂಕಾಲು ಸಲ, ಇದು ಆರಾಮ. ಮುಂದಿನ ಲೆಕ್ಕ ಹಿಂದಿನದಕ್ಕಿಂತ ತುಂಬಾ ಜಾಸ್ತಿ ಬಂದರೆ ಕಮಾನು ಕೆಲಸ ಬಲ್ಲವರ ಹತ್ತಿರ ಮುಂದಿನ ಸೆಟ್ಟನ್ನು ತೆಳು ಪ್ಲೇಟುಗಳಲ್ಲಿ ಕಟ್ಟಿಸಬಹುದು, ಎತ್ತರ ಮಾತ್ರ ಹಾಗೇ ಇರಲಿ. ಹಿಂದೆ ಪ್ಲೇಟು ಸೇರಿಸಿ ಸರಿಮಾಡಲು ಹೋಗಬೇಡಿ. ಅದರ ಕಥೆ ಆಗಲೇ ಹೇಳಿದ್ದೇನೆ.

ನನ್ನ ಕಾರಿನ ಹಿಂದಿನ ಜಾಸ್ತಿ ಪ್ಲೇಟುಗಳನ್ನು ತೆಗೆದೆ. ಕುಸಿದಿದ್ದ ಹಳೆಯ ಪ್ಲೇಟುಗಳನ್ನು ಕಮಾನು ಕೆಲಸದವರಲ್ಲಿ ಮೊದಲಿನ ಬಾಗಿಗೆ ತರಿಸಿ, ತುದಿ ಉಜ್ಜಿ, ಗ್ರಾಫೈಟ್ ಹಚ್ಚಿ ಜೋಡಿಸಿದೆ. ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ನಡುವೆ ನಿಂತಿತು. ಬಿಗಿ ಮಾಡಿಟ್ಟಿದ್ದ ಸ್ಟೇರಿಂಗ್ ಬಾಕ್ಸಿನ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದೆ. ಅದೇ ರಸ್ತೆಯಲ್ಲಿ ಓಡಿಸಿದಾಗ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಕೈಯೊಳಗೆ ಜಾರಿ ನೇರಕ್ಕೆ ಬಂತು. ಹೊಸದಾಗಿ ಜೋಡಿಸಿದ ಪ್ಲೇಟುಗಳು ಓಡುತ್ತಾ ಕೂತುಕೊಳ್ಳುತ್ತವೆ, ಆಗ ಯು ಬೋಲ್ಟ್ ಸಡಿಲವಾಗುತ್ತದೆ. ಹಾಗಾಗಿ ಮೊದಲ 100 ಕಿ.ಮೀ.ಗೆ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ, ಕಾರು ಚಕ್ರದ ಮೇಲೆ ನಿಂತಿರುವಾಗಲೇ ಯು ಬೋಲ್ಟ್ ನಟ್ಟುಗಳನ್ನು ಬಿಗಿ ಮಾಡಿ.